ಕ್ಯಾಬರೆಯಲ್ಲಿ ಮ್ಯೂಸಿಕಲ್ ಹಾಡುಗಳ ಒಂದು ಸಂಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂಸಿಕಲ್ ನಾಟಕಗಳ ಹಾಡನ್ನು ಮನೆಯಲ್ಲಿ, ಕಾರಿನಲ್ಲಿ, ವಾಕಿಂಗ್ ಹೋಗುವಾಗ ಕೇಳುವವರು ಬಹಳ ಜನ. ಅವರಲ್ಲೇ ಎಷ್ಟೋ ಜನ ಕ್ಯಾಬರೆ ಶೋಗೆ ಮಾತ್ರ ಹೋಗಿರುವುದಿಲ್ಲ. ಅಲ್ಲಿ ಹೇಗಿರಬೇಕು, ಎಷ್ಟು ಖರ್ಚಾಗುತ್ತದೆ, ಹಾಡು ಗೊತ್ತಿಲ್ಲದಿದ್ದರೆ ಏನು ಮಾಡೋದು ಅನ್ನುವ ಅನುಮಾನಗಳು. ಮೊದಲ ಸಲ ಹೋಗುವವರು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ದುಡ್ಡು, ಊಟ, ಬಟ್ಟೆಯ ವಿಷಯಕ್ಕೆ ಚಿಕ್ಕ ಉತ್ತರ ಸಾಕು. ಹಾಡು ಕೇಳುವ ವಿಷಯಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಈ ಸಂಜೆಯ ಸುಖವೆಲ್ಲ ಇರುವುದು ಅದರಲ್ಲೇ.

ಕ್ಯಾಬರೆ ಅಂದರೆ ಸಿನಿಮಾದಲ್ಲಿ ಬರುವ ಕುಣಿತ ಅಲ್ವಾ?

ಆ ಥರದ್ದೂ ಇದೆ. ನಾನು ಹೇಳುತ್ತಿರುವುದು ಹಾಡಿನ ಕ್ಯಾಬರೆ. ಒಂದು ಚಿಕ್ಕ ಕೋಣೆ, ಒತ್ತೊತ್ತಾಗಿ ಹಾಕಿದ ಪುಟ್ಟ ಮೇಜುಗಳು, ಪಕ್ಕದಲ್ಲಿ ಪಿಯಾನೊ, ಮೈಕ್ ಹಿಡಿದು ನಿಂತ ಒಬ್ಬ ಗಾಯಕಿ ಅಥವಾ ಗಾಯಕ. ಸುಮಾರು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆಯ ಕಾರ್ಯಕ್ರಮ. ಸಾಮಾನ್ಯವಾಗಿ ಇಂಟರ್ವಲ್ ಇರುವುದಿಲ್ಲ.

ಇದು ಶುರುವಾದದ್ದು ಪ್ಯಾರಿಸ್‌ನಲ್ಲಿ. 1881ರಲ್ಲಿ ರೊಡಾಲ್ಫ್ ಸಾಲಿಸ್ ಎನ್ನುವವರು ಮೊಂಮಾರ್ತ್ರ್ ಬಡಾವಣೆಯಲ್ಲಿ ‘ಲ ಶಾ ನ್ವಾರ್’ ತೆರೆದರು. ಕವಿಗಳು, ಚಿತ್ರ ಬರೆಯುವವರು, ಹಾಡುವವರು ಎಲ್ಲ ಅಲ್ಲಿ ಸೇರುತ್ತಿದ್ದರು. ಸಂಗೀತ ರಚನೆಗೆ ಹೆಸರಾದ ಎರಿಕ್ ಸಾಟಿ ಅಲ್ಲಿ ಪಿಯಾನೊ ನುಡಿಸುತ್ತಿದ್ದರು. ಆಮೇಲೆ ಅದು ಬರ್ಲಿನ್‌ಗೆ ಹೋಯಿತು, ಅಲ್ಲಿ ರಾಜಕೀಯದ ಚುಚ್ಚುಮಾತು ಸೇರಿಕೊಂಡಿತು. ನ್ಯೂಯಾರ್ಕ್‌ನಲ್ಲಿ ಅದಕ್ಕೆ ದೊಡ್ಡ ನಾಟಕ ಥಿಯೇಟರ್‌ಗಳ ಬಡಾವಣೆಯಾದ ಬ್ರಾಡ್‌ವೇ ನೆರೆಮನೆಯಾಯಿತು. ಹಾಗಾಗಿ ಮ್ಯೂಸಿಕಲ್ ನಾಟಕದ ಹಾಡುಗಳೇ ಅಲ್ಲಿನ ಮುಖ್ಯ ಬಂಡವಾಳ.

ಅದೇ ಹಾಡನ್ನು ಥಿಯೇಟರ್‌ನಲ್ಲಿ ಕೇಳುವುದಕ್ಕೂ ಇಲ್ಲಿ ಕೇಳುವುದಕ್ಕೂ ಏನು ವ್ಯತ್ಯಾಸ?

ಥಿಯೇಟರ್‌ನಲ್ಲಿ ಹಾಡು ಪಾತ್ರದ್ದು. ಕಥೆ ಅಲ್ಲಿಗೆ ಬಂದಿದೆ, ಪಾತ್ರಕ್ಕೆ ಮಾತು ಸಾಲುತ್ತಿಲ್ಲ, ಅದಕ್ಕೆ ಹಾಡು. ವೇಷ, ಬೆಳಕು, ಸೆಟ್ಟು, ವಾದ್ಯಮೇಳ ಎಲ್ಲ ಬೆನ್ನಿಗಿರುತ್ತವೆ. ಬ್ರಾಡ್‌ವೇ ಥಿಯೇಟರ್ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ 500 ಸೀಟು ಇರಬೇಕು. ದೊಡ್ಡ ಮ್ಯೂಸಿಕಲ್‌ಗಳು ನಡೆಯುವ ಕಡೆ ಸಾವಿರ ದಾಟುತ್ತದೆ. ಕೊನೆಯ ಸಾಲಿನವರಿಗೂ ಮುಟ್ಟುವಂತೆ ಹಾಡಲೇಬೇಕು.

ಕ್ಯಾಬರೆಯಲ್ಲಿ ಇದ್ಯಾವುದೂ ಇಲ್ಲ. ಪಾತ್ರ ಇಲ್ಲ, ಎದುರು ಇನ್ನೊಬ್ಬ ನಟ ಇಲ್ಲ. ಗಾಯಕಿ ತನ್ನ ಹೆಸರಿನಲ್ಲೇ ನಿಂತಿರುತ್ತಾಳೆ. ಹಾಡಿನಲ್ಲಿ ‘ನಾನು’ ಅಂತ ಬಂದರೆ ಅದು ಅವಳೇ, ‘ನೀನು’ ಅಂತ ಬಂದರೆ ಎದುರು ಕೂತ ನೀವೇ. ಪಿಸುಮಾತೂ ಕೇಳಿಸುತ್ತದೆ. ಉಸಿರು ತೆಗೆದುಕೊಳ್ಳುವುದು ಕಾಣಿಸುತ್ತದೆ.

ಇದರಿಂದ ಹಾಡಿಗೆ ಏನಾಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬಾರ್ಬ್ರಾ ಸ್ಟ್ರೈಸೆಂಡ್ 1960ರಲ್ಲಿ, 18ನೇ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ಗ್ರೀನ್‌ವಿಚ್ ವಿಲೇಜ್‌ನ ಬಾನ್ ಸ್ವಾರ್ ಕ್ಲಬ್‌ನಲ್ಲಿ ಹಾಡಲು ಶುರು ಮಾಡಿದರು. ಅವರ ಆ ಕಾಲದ ಹಾಡುಗಳಲ್ಲಿ ‘ಹ್ಯಾಪಿ ಡೇಸ್ ಆರ್ ಹಿಯರ್ ಅಗೇನ್’ ಒಂದು. ಅದು 1929ರ ಕುಣಿದಾಡುವಂಥ ಹಾಡು. 1932ರಲ್ಲಿ ರೂಸ್‌ವೆಲ್ಟ್ ಅವರ ಚುನಾವಣಾ ಪ್ರಚಾರದಲ್ಲಿ ಮೊಳಗಿದ ಹಾಡು. ಸ್ಟ್ರೈಸೆಂಡ್ ಅದನ್ನು ತೀರಾ ನಿಧಾನ ಮಾಡಿದರು. ಪದಗಳು ಹಳೆಯವೇ. ಆದರೆ ಒಳ್ಳೆಯ ದಿನ ಬಂತು ಅಂತ ಹೇಳುತ್ತಿರುವ ಈ ಹುಡುಗಿಗೆ ಅದರಲ್ಲಿ ನಂಬಿಕೆ ಇದೆಯಾ ಅನ್ನುವ ಸಂಶಯ ಕೇಳುವವರಿಗೆ ಹುಟ್ಟುತ್ತದೆ. 1962ರಲ್ಲಿ ಆ ಕ್ಲಬ್‌ನಲ್ಲೇ ಮಾಡಿದ ರೆಕಾರ್ಡಿಂಗ್ 2022ರಲ್ಲಿ ಆಲ್ಬಮ್ ಆಗಿ ಹೊರಬಂತು. ಕ್ಯಾಬರೆಗೆ ಹೋಗುವ ಮುಂಚೆ ಒಂದೇ ಒಂದು ಆಲ್ಬಮ್ ಕೇಳುತ್ತೀರಿ ಅಂದರೆ ಅದನ್ನೇ ಕೇಳಿ.

ಆ ಮ್ಯೂಸಿಕಲ್ ನೋಡಿಯೇ ಇಲ್ಲ. ಹಾಡು ಅರ್ಥ ಆಗುತ್ತಾ?

ಆಗುತ್ತದೆ. ನಾಟಕ ಮರೆತುಹೋಗಿ ಹಾಡು ಮಾತ್ರ ಉಳಿದಿರುವುದು ಈ ಲೋಕದಲ್ಲಿ ಮಾಮೂಲು.

‘ಮೈ ಫನ್ನಿ ವ್ಯಾಲೆಂಟೈನ್’ ಕೇಳಿರುತ್ತೀರಿ. ಅದು 1937ರ ‘ಬೇಬ್ಸ್ ಇನ್ ಆರ್ಮ್ಸ್’ ನಾಟಕದ್ದು. ರಿಚರ್ಡ್ ರಾಜರ್ಸ್ ಅವರ ಸಂಗೀತ, ಲೊರೆನ್ಜ್ ಹಾರ್ಟ್ ಅವರ ಸಾಹಿತ್ಯ. ನಾಟಕದಲ್ಲಿ ವ್ಯಾಲೆಂಟೈನ್ ಅನ್ನುವುದು ಒಬ್ಬ ಹುಡುಗನ ಹೆಸರು, ಒಬ್ಬ ಹುಡುಗಿ ಅವನನ್ನು ಕುರಿತು ಹಾಡುತ್ತಾಳೆ. ಇವತ್ತು ಆ ನಾಟಕ ನೋಡಿದವರು ಎಷ್ಟು ಜನ ಸಿಗುತ್ತಾರೆ? ಹಾಡನ್ನು ಮಾತ್ರ ಗಂಡಸರು, ಹೆಂಗಸರು, ಜಾಜ್‌ನವರು, ಪಾಪ್‌ನವರು ಎಲ್ಲರೂ ಹಾಡಿದ್ದಾರೆ. ಗರ್ಶ್‌ವಿನ್ ಸಹೋದರರ ‘ದ ಮ್ಯಾನ್ ಐ ಲವ್’ ಕಥೆ ಇನ್ನೂ ವಿಚಿತ್ರ. 1924ರ ‘ಲೇಡಿ, ಬಿ ಗುಡ್!’ ನಾಟಕಕ್ಕೆ ಬರೆದದ್ದು, ಬ್ರಾಡ್‌ವೇಗೆ ಬರುವ ಮುಂಚೆಯೇ ಅದನ್ನು ಕಿತ್ತುಹಾಕಿದರು. ನಾಟಕದಲ್ಲಿ ಜಾಗ ಸಿಗದ ಹಾಡು ಸ್ವಂತ ಬಲದಿಂದಲೇ ಬದುಕಿತು.

ಕ್ಯಾಬರೆ ಕಲಾವಿದರಿಗೆ ಇಂಥ ಹಾಡುಗಳ ಮೇಲೆ ವಿಶೇಷ ಪ್ರೀತಿ. ಕೈಬಿಟ್ಟ ಹಾಡು, ಸೋತ ನಾಟಕದ ಒಳ್ಳೆಯ ಹಾಡು, ಎರಡನೇ ಅಂಕದಲ್ಲಿ ಯಾರೂ ಗಮನಿಸದ ಚಿಕ್ಕ ಹಾಡು ಹುಡುಕಿ ತರುತ್ತಾರೆ. ನಿಮಗೆ ಗೊತ್ತಿಲ್ಲದ ಹಾಡು ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಪಕ್ಕದ ಮೇಜಿನವರಿಗೂ ಅದು ಗೊತ್ತಿಲ್ಲದಿರಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಕ್ಯಾಬರೆಗೆ ಹೋಗುವುದೇ ಗೊತ್ತಿಲ್ಲದ ಆ ಒಂದು ಹಾಡು ಸಿಗಲಿ ಅಂತ.

ಹೋಗುವ ಮುಂಚೆ ತಯಾರಿ ಬೇಕಾ?

ಬೇಕೇ ಬೇಕು ಅಂತಿಲ್ಲ. ಒಬ್ಬರೇ ರಚಿಸಿದ ಹಾಡುಗಳ ಸಂಜೆಯಾಗಿದ್ದರೆ ಅವರ ಮೂರ್ನಾಲ್ಕು ಹಾಡು ಕೇಳಿಕೊಂಡು ಹೋಗಿ, ಸಾಕು. ಶೋನ ದಿನ ಬೆಳಿಗ್ಗೆಯಿಂದ ಅದನ್ನೇ ಕೇಳುತ್ತಾ ಕೂರಬೇಡಿ. ಕಿವಿಯಲ್ಲಿ ಒಂದು ಧಾಟಿ ಗಟ್ಟಿಯಾಗಿ ಕೂತುಬಿಟ್ಟರೆ ಗಾಯಕಿ ಬೇರೆ ಥರ ಹಾಡಿದಾಗ ‘ಇದು ಸರಿ ಇಲ್ಲ’ ಅನ್ನಿಸಿಬಿಡುತ್ತದೆ.

ಟಿಕೆಟ್ ಬಿಟ್ಟು ಬೇರೆ ಖರ್ಚು ಇದೆಯಾ?

ಇದೆ, ಇದನ್ನು ಮೊದಲೇ ತಿಳಿದುಕೊಳ್ಳಿ. ಬಹಳಷ್ಟು ಕ್ಲಬ್‌ಗಳಲ್ಲಿ ಎರಡು ಲೆಕ್ಕ ಇರುತ್ತದೆ. ಒಂದು ಕವರ್ ಚಾರ್ಜ್, ಅಂದರೆ ಒಳಗೆ ಹೋಗಿ ಕೂರುವ ದರ. ಇನ್ನೊಂದು ಮಿನಿಮಮ್. ಒಬ್ಬೊಬ್ಬರೂ ಇಷ್ಟು ಮೊತ್ತದ ತಿಂಡಿ ಅಥವಾ ಪಾನೀಯ ತೆಗೆದುಕೊಳ್ಳಲೇಬೇಕು, ಇಲ್ಲವೇ ಎರಡು ಡ್ರಿಂಕ್ ತೆಗೆದುಕೊಳ್ಳಲೇಬೇಕು ಅನ್ನುವ ನಿಯಮ. ಟಿಕೆಟ್ ಅಗ್ಗ ಇದೆ ಅಂತ ಬುಕ್ ಮಾಡಿ, ಬಿಲ್ ಬಂದಾಗ ಮುಖ ಸಣ್ಣದು ಮಾಡಿಕೊಳ್ಳುವವರನ್ನು ಬಹಳ ನೋಡಿದ್ದೇನೆ. ಬುಕಿಂಗ್ ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಇದನ್ನೆಲ್ಲ ಹಾಕಿರುತ್ತಾರೆ, ಓದಿಕೊಳ್ಳಿ. ಅಮೆರಿಕದಲ್ಲಾದರೆ ಟಿಪ್ ಕೂಡ ಲೆಕ್ಕಕ್ಕೆ ಸೇರಿಸಿ. ಬಿಲ್‌ನಲ್ಲೇ ಸರ್ವಿಸ್ ಚಾರ್ಜ್ ಸೇರಿದೆಯಾ ಅಂತ ನೋಡಿಕೊಂಡು ಕೊಡಿ.

ನಾನು ಕುಡಿಯುವುದಿಲ್ಲ. ಪರವಾಗಿಲ್ಲವಾ?

ಏನೂ ತೊಂದರೆ ಇಲ್ಲ. ಕಾಫಿ, ಜ್ಯೂಸ್, ಸೋಡಾ ಕೂಡ ಸಾಮಾನ್ಯವಾಗಿ ಮಿನಿಮಮ್‌ಗೆ ಸೇರುತ್ತದೆ.

ಊಟ ಅಲ್ಲೇ ಮಾಡಬೇಕಾ?

ಊಟ ಸಿಗುವ ಕಡೆ ಶೋಗಿಂತ ಒಂದು, ಒಂದೂವರೆ ಗಂಟೆ ಮುಂಚೆ ಬಾಗಿಲು ತೆರೆಯುತ್ತಾರೆ. ಆ ಹೊತ್ತಿಗೇ ಹೋಗಿ ಊಟ ಮುಗಿಸಿಕೊಂಡುಬಿಡಿ. ನಿಧಾನವಾದ ಹಾಡಿನ ಮಧ್ಯೆ ನಿಮ್ಮ ಚಮಚದ ಸದ್ದು ಇಡೀ ಕೋಣೆಗೆ ಕೇಳಿಸುತ್ತದೆ, ಗಾಯಕಿಗೂ ಕೇಳಿಸುತ್ತದೆ. ಒಳ್ಳೆಯ ಕ್ಲಬ್‌ಗಳಲ್ಲಿ ಬಡಿಸುವವರು ಬಗ್ಗಿಕೊಂಡು, ಸದ್ದಿಲ್ಲದೆ ಓಡಾಡುತ್ತಾರೆ. ನಾವೂ ಅಷ್ಟು ಮಾಡಬೇಕು. ಗರಿಗರಿ ಕರಿದದ್ದನ್ನು ಶೋ ಶುರುವಾಗುವ ಹೊತ್ತಿಗೆ ಆರ್ಡರ್ ಮಾಡದಿದ್ದರೆ ಒಳ್ಳೆಯದು.

ಎಲ್ಲಿ ಕೂರುವುದು ಒಳ್ಳೆಯದು?

ಎಲ್ಲರೂ ಮುಂದಿನ ಮೇಜು ಕೇಳುತ್ತಾರೆ. ನನಗೆ ಇಷ್ಟ ಆಗುವುದು ಪಿಯಾನೊ ವಾದಕರ ಕೈಯೂ ಗಾಯಕಿಯ ಮುಖವೂ ಒಟ್ಟಿಗೆ ಕಾಣುವ ಜಾಗ. ಸ್ವಲ್ಪ ಪಕ್ಕಕ್ಕೆ, ಎರಡನೇ ಅಥವಾ ಮೂರನೇ ಸಾಲು. ತೀರಾ ಮುಂದೆ ಕೂತರೆ ಕತ್ತು ಎತ್ತಿ ನೋಡಬೇಕು, ಸ್ಪೀಕರ್‌ನ ಸದ್ದು ತಲೆ ಮೇಲೆ ಹಾದುಹೋಗುತ್ತದೆ. ಬಾರ್ ಕೌಂಟರ್ ಹತ್ತಿರ ಬೇಡ. ಐಸ್ ಸದ್ದು, ಗ್ಲಾಸ್ ಸದ್ದು ತಪ್ಪುವುದಿಲ್ಲ. ಇಬ್ಬರೇ ಹೋದರೆ ಬೇರೆಯವರ ಜೊತೆ ಮೇಜು ಹಂಚಿಕೊಳ್ಳಬೇಕಾಗಬಹುದು. ಒಂದು ನಮಸ್ಕಾರ ಹೇಳಿ ಕೂತುಕೊಳ್ಳಿ, ಅವರಿಂದಲೇ ಎಷ್ಟೋ ಹಾಡಿನ ವಿಷಯ ಗೊತ್ತಾಗುತ್ತದೆ.

ಒಬ್ಬರೇ ಹೋಗಬಹುದಾ?

ಖಂಡಿತ ಹೋಗಬಹುದು. ಹಾಡು ಕೇಳಲು ಬಂದವರಿಗೆ ಜೊತೆ ಯಾಕೆ? ಒಬ್ಬರೇ ಕೂತಾಗ ಪದಗಳು ಇನ್ನೂ ಚೆನ್ನಾಗಿ ಕೇಳಿಸುತ್ತವೆ. ಕೆಲವು ಕಡೆ ಒಬ್ಬರಿಗೆ ಬಾರ್ ಸೀಟ್ ಮಾತ್ರ ಕೊಡುತ್ತಾರೆ, ಬುಕ್ ಮಾಡುವಾಗಲೇ ಮೇಜು ಬೇಕು ಅಂತ ಕೇಳಿ ನೋಡಿ.

ಏನು ಹಾಕಿಕೊಂಡು ಹೋಗಲಿ?

ಒಂದು ಒಳ್ಳೆಯ ಡಿನ್ನರ್‌ಗೆ ಹಾಕಿಕೊಳ್ಳುವಂಥದ್ದು. ದೊಡ್ಡ ಹೋಟೆಲಿನೊಳಗಿನ ಕೋಣೆಗಳಲ್ಲಿ ಸ್ವಲ್ಪ ಬಿಗಿ ಜಾಸ್ತಿ, ಉಳಿದ ಕಡೆ ಜೀನ್ಸ್ ನಡೆಯುತ್ತದೆ. ಎತ್ತರದ ಟೋಪಿ ಬೇಡ, ಹಿಂದಿನವರಿಗೆ ಏನೂ ಕಾಣುವುದಿಲ್ಲ.

ಹಾಡುಗಳ ಮಧ್ಯೆ ಅಷ್ಟೊಂದು ಮಾತು ಯಾಕೆ?

ಹಾಡಿನ ನಡುವಿನ ಈ ಮಾತಿಗೆ ಅಲ್ಲಿಯವರು ಪ್ಯಾಟರ್ ಅನ್ನುತ್ತಾರೆ. ಮೊದಲ ಸಲ ಹೋದವರಿಗೆ ಇದು ಹೊತ್ತು ಕಳೆಯುವ ಹರಟೆ ಥರ ಕಾಣಬಹುದು. ಆದರೆ ಚೆನ್ನಾಗಿ ಬಲ್ಲವರ ಕೈಯಲ್ಲಿ ಇದು ಕ್ಯಾಬರೆಯ ಅರ್ಧ ಕಲೆ. ನಾಟಕದಲ್ಲಿ ಹಾಡಿಗೆ ಮುಂಚೆ ಒಂದು ದೃಶ್ಯ ಇರುತ್ತದಲ್ಲ, ಇಲ್ಲಿ ಆ ದೃಶ್ಯದ ಕೆಲಸವನ್ನು ಮಾತು ಮಾಡುತ್ತದೆ. ಅಮ್ಮನ ಬಗ್ಗೆ ಎರಡು ಮಾತು ಹೇಳಿ ಹಾಡಿದರೆ ಅದೇ ಪ್ರೇಮಗೀತೆ ಅಮ್ಮನಿಗೆ ಹಾಡಿದ್ದಾಗುತ್ತದೆ.

ಪಿಯಾನೊ ಕಡೆ ಕಿವಿ ಇಡಿ. ಮಾತು ನಡೆಯುತ್ತಿರುವಾಗಲೇ ಕೆಳಗೆ ಎರಡು ನಾಲ್ಕು ಸ್ವರಗಳು ಸುತ್ತಿ ಸುತ್ತಿ ಬರುತ್ತಿರುತ್ತವೆ. ವಾದಕರು ಗಾಯಕಿಯನ್ನೇ ನೋಡುತ್ತಾ ಅದನ್ನು ಎಷ್ಟು ಸಲ ಬೇಕಾದರೂ ತಿರುಗಿಸುತ್ತಾರೆ. ಅವಳ ಕೊನೆಯ ಮಾತು ಮುಗಿಯಿತು ಅನ್ನುವಷ್ಟರಲ್ಲಿ ಹಾಡಿನ ಮೊದಲ ಪದ ಬಂದಿರುತ್ತದೆ. ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಇದು ಸರಿಯಾಗಿ ಕೂಡಿ ಬಂದಾಗ ನನಗೆ ಮೈ ಜುಮ್ ಅನ್ನುತ್ತದೆ.

ಮಾತು ಜಾಸ್ತಿಯಾಗಿ ಹಾಡು ಸೊರಗುವ ಶೋಗಳೂ ಇವೆ. ಹಾಡು ಏನು ಹೇಳುತ್ತದೆ ಅನ್ನುವುದನ್ನೇ ಮೊದಲು ಬಿಡಿಸಿ ಹೇಳಿಬಿಟ್ಟರೆ ಕೇಳುವವರಿಗೆ ಕೆಲಸವೇ ಉಳಿಯುವುದಿಲ್ಲ.

ಹಾಡು ಕೇಳುವಾಗ ಏನನ್ನು ಗಮನಿಸಲಿ? ನನಗೆ ಸಂಗೀತ ಬರುವುದಿಲ್ಲ.

ಸಂಗೀತ ಬರಬೇಕಾಗಿಲ್ಲ. ಮಾತು ಕೇಳಲು ಬಂದರೆ ಸಾಕು. ಮೇಬಲ್ ಮರ್ಸರ್ ಎಂಬ ಗಾಯಕಿ ಇದ್ದರು. 1900ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಹಾಡಿ, ಆಮೇಲೆ ನ್ಯೂಯಾರ್ಕ್‌ನಲ್ಲಿ ನೆಲೆಸಿ, 1984ರಲ್ಲಿ ತೀರಿಕೊಂಡರು. ಅವರು ಒಂದು ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು ಹಾಡುತ್ತಿದ್ದರು. ವಯಸ್ಸಾದ ಮೇಲೆ ದನಿ ತಗ್ಗಿ ಹಾಡು ಮಾತಿನ ಹತ್ತಿರಕ್ಕೇ ಬಂದಿತ್ತು. ಆದರೂ ಫ್ರ್ಯಾಂಕ್ ಸಿನಾತ್ರಾ ಅಂಥ ದೊಡ್ಡ ಗಾಯಕರು ಒಂದು ಸಾಲನ್ನು ಹೇಗೆ ಹೇಳಬೇಕು ಅನ್ನುವುದನ್ನು ಅವರಿಂದ ಕಲಿತೆ ಅಂತ ಹೇಳಿಕೊಂಡಿದ್ದಾರೆ. ಕ್ಯಾಬರೆಯಲ್ಲಿ ದೊಡ್ಡ ದನಿಗಿಂತ ಸಾಲು ಹೇಳುವ ರೀತಿ ಮುಖ್ಯ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲು ಹಾಡಿನ ಆರಂಭ ಗಮನಿಸಿ. ಹಳೆಯ ಕಾಲದ ಮ್ಯೂಸಿಕಲ್ ಹಾಡುಗಳಿಗೆ ಮುಖ್ಯ ಧಾಟಿ ಬರುವ ಮುಂಚೆ ಒಂದು ಪೀಠಿಕೆ ಇರುತ್ತಿತ್ತು. ಅದಕ್ಕೆ ವರ್ಸ್ ಅನ್ನುತ್ತಾರೆ. ರೆಕಾರ್ಡ್‌ಗಳಲ್ಲಿ ಅದನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ‘ಓವರ್ ದ ರೇನ್‌ಬೋ’ ಹಾಡಿಗೂ ಅಂಥ ಪೀಠಿಕೆ ಇದೆ, 1939ರ ಸಿನಿಮಾದಲ್ಲಿ ಅದನ್ನು ಹಾಡಿಲ್ಲ. ಕ್ಯಾಬರೆ ಗಾಯಕರು ಇವನ್ನು ಮತ್ತೆ ಹುಡುಕಿ ಹಾಡುತ್ತಾರೆ. ಯಾವ ಹಾಡು ಅಂತ ಗೊತ್ತಾಗದೆ ಕೇಳುತ್ತಿರುತ್ತೀರಿ, ಆಮೇಲೆ ಪರಿಚಯದ ಸಾಲು ಬರುತ್ತದೆ, ಕೋಣೆಯಲ್ಲಿ ‘ಓ!’ ಅನ್ನುವ ಸಣ್ಣ ಸದ್ದು ಏಳುತ್ತದೆ.

ಆಮೇಲೆ ಹಾಡಿನ ಕಟ್ಟು. ಆ ಕಾಲದ ಬಹುಪಾಲು ಹಾಡುಗಳು 32 ಬಾರ್‌ಗಳವು. ಇಲ್ಲಿ ಬಾರ್ ಅಂದರೆ ತಾಳದ ಒಂದು ಸುತ್ತು. ಎಂಟೆಂಟು ಬಾರ್‌ಗಳ ನಾಲ್ಕು ಭಾಗ. ಮೊದಲೆರಡು ಭಾಗಕ್ಕೆ ಒಂದೇ ಧಾಟಿ. ಮೂರನೆಯದು ಬೇರೆ ದಾರಿ ಹಿಡಿಯುತ್ತದೆ. ನಾಲ್ಕನೆಯದು ಮತ್ತೆ ಮೊದಲಿನ ಧಾಟಿಗೆ ಬರುತ್ತದೆ. ಮಜಾ ಇರುವುದು ಈ ವಾಪಸು ಬರುವುದರಲ್ಲಿ. ಅದೇ ಧಾಟಿ, ಆದರೆ ನಡುವೆ ಏನೋ ಆಗಿದೆ. ಒಳ್ಳೆಯ ಗಾಯಕಿ ನಾಲ್ಕನೇ ಭಾಗವನ್ನು ಮೊದಲನೆಯದರ ಹಾಗೆ ಹಾಡುವುದೇ ಇಲ್ಲ. ಅಲ್ಲಿ ಅವಳ ಕಣ್ಣು ನೋಡಿ.

ಕೊನೆಗೆ, ಉಸಿರು. ಸ್ಟೀಫನ್ ಸಾಂಡ್‌ಹೈಮ್ 1973ರ ‘ಎ ಲಿಟಲ್ ನೈಟ್ ಮ್ಯೂಸಿಕ್’ ನಾಟಕಕ್ಕೆ ‘ಸೆಂಡ್ ಇನ್ ದ ಕ್ಲೌನ್ಸ್’ ಬರೆದದ್ದು ಗ್ಲಿನಿಸ್ ಜಾನ್ಸ್ ಎಂಬ ನಟಿಗಾಗಿ. ಅವರದು ಸೊಗಸಾದ ದನಿ, ಆದರೆ ಸ್ವರವನ್ನು ಉದ್ದಕ್ಕೆ ಹಿಡಿದು ನಿಲ್ಲಿಸುವುದು ಅವರಿಗೆ ಕಷ್ಟ. ಅದಕ್ಕೇ ಸಾಂಡ್‌ಹೈಮ್ ತುಂಡು ತುಂಡು ಸಾಲುಗಳನ್ನು, ಅದರಲ್ಲೂ ಚಿಕ್ಕ ಚಿಕ್ಕ ಪ್ರಶ್ನೆಗಳನ್ನು ಬರೆದರು. ನಾಟಕದಲ್ಲಿ ಆ ಪಾತ್ರಕ್ಕೆ ತಾನು ಪ್ರೀತಿಸಿದವನು ಈಗತಾನೇ ಒಲ್ಲೆ ಅಂದಿದ್ದಾನೆ, ಅವಳು ಬಿಕ್ಕದೆ ಮಾತಾಡಲು ನೋಡುತ್ತಿದ್ದಾಳೆ. ಆ ಚಿಕ್ಕ ಸಾಲುಗಳು ಅವಳ ಸ್ಥಿತಿಗೆ ಎಷ್ಟು ಹೊಂದುತ್ತವೆ ನೋಡಿ! ಕ್ಯಾಬರೆಯಲ್ಲಿ ಇದನ್ನು ಯಾರಾದರೂ ಹಾಡಿದರೆ ಪ್ರಶ್ನೆಗಳ ನಡುವಿನ ಖಾಲಿ ಜಾಗ ಕೇಳಿ. ಕೆಲವರು ಅಲ್ಲಿ ಉತ್ತರಕ್ಕೆ ಕಾಯುತ್ತಾರೆ. ಕೆಲವರು ಉತ್ತರ ಬರುವುದಿಲ್ಲ ಅಂತ ಗೊತ್ತಿದ್ದು ಬೇಗ ಮುಂದೆ ಹೋಗುತ್ತಾರೆ. ಕೆಲವರು ನಗುತ್ತಾರೆ. ಒಂದೇ ಹಾಡು ಮೂರು ಹೆಂಗಸರ ಕಥೆಯಾಗುತ್ತದೆ.

ಇಂಗ್ಲಿಷ್ ಹಾಡಿನ ಪದಗಳು ಅಷ್ಟು ಬೇಗ ಹಿಡಿಯಲು ಆಗುವುದಿಲ್ಲ.

ಎಲ್ಲರಿಗೂ ಆಗುವುದಿಲ್ಲ, ಇಂಗ್ಲಿಷ್ ಮನೆಮಾತಾದವರಿಗೂ. ಕೆಲವು ಹಾಡುಗಳನ್ನು ಬರೆದಿರುವುದೇ ಉಸಿರು ಕಟ್ಟುವ ವೇಗಕ್ಕೆ. ಗಿಲ್ಬರ್ಟ್ ಮತ್ತು ಸಲಿವನ್ ಅವರ 1879ರ ‘ದ ಪೈರೇಟ್ಸ್ ಆಫ್ ಪೆನ್‌ಜ್ಯಾನ್ಸ್’ನ ಮೇಜರ್ ಜನರಲ್ ಹಾಡು ಈ ಜಾತಿಯದು. ಅಂಥದ್ದು ಬಂದಾಗ ಪ್ರತಿ ಪದದ ಹಿಂದೆ ಓಡಬೇಡಿ. ಸಾಲಿನ ಕೊನೆಯ ಪ್ರಾಸದ ಮೇಲೆ ಗಮನ ಇಡಿ, ನಗು ಹುಟ್ಟಿಸುವ ಪದವನ್ನು ಸಾಮಾನ್ಯವಾಗಿ ಅಲ್ಲೇ ಇಟ್ಟಿರುತ್ತಾರೆ. ನಿಧಾನದ ಹಾಡುಗಳಲ್ಲಿ ಈ ತೊಂದರೆ ಬರುವುದಿಲ್ಲ, ಯಾಕಂದ್ರೆ ಕ್ಯಾಬರೆ ಗಾಯಕರಿಗೆ ಪದ ಸ್ಪಷ್ಟವಾಗಿ ಹೇಳುವುದು ಅಂದರೆ ವ್ರತ ಇದ್ದ ಹಾಗೆ.

ಪಿಯಾನೊ ನುಡಿಸುವವರ ಹೆಸರನ್ನೂ ಪೋಸ್ಟರ್‌ನಲ್ಲಿ ಹಾಕುವುದು ಯಾಕೆ?

ಅವರು ಬರೀ ಪಿಯಾನೊ ನುಡಿಸುವವರಲ್ಲ, ಸಂಗೀತ ನಿರ್ದೇಶಕರು. ಯಾವ ಹಾಡು, ಯಾವ ಶ್ರುತಿ, ಎಷ್ಟು ವೇಗ, ಒಂದು ಹಾಡಿನಿಂದ ಇನ್ನೊಂದಕ್ಕೆ ಹೇಗೆ ಹೋಗುವುದು ಅನ್ನುವುದರಲ್ಲೆಲ್ಲ ಅವರ ಕೈ ಇರುತ್ತದೆ. ಇಡೀ ವಾದ್ಯಮೇಳಕ್ಕೆ ಬರೆದ ಹಾಡನ್ನು ಎರಡು ಕೈಗೆ ಇಳಿಸುವುದು ದೊಡ್ಡ ಕೆಲಸ. ಎಲ್ಲ ಸ್ವರವನ್ನೂ ತುಂಬಲು ಹೋದರೆ ದನಿ ಮುಚ್ಚಿಹೋಗುತ್ತದೆ. ಏನು ಬಿಡಬೇಕು ಅಂತ ಗೊತ್ತಿರುವವರೇ ಇಲ್ಲಿ ದೊಡ್ಡವರು. ಗಾಯಕಿ ಒಂದು ಸಾಲು ಮರೆತಳು ಅಂದುಕೊಳ್ಳಿ, ಅವಳನ್ನು ಮತ್ತೆ ದಾರಿಗೆ ತರುವುದೂ ಅವರೇ. ಕೆಲವು ಸಂಜೆ ಬಾಸ್, ಡ್ರಮ್ಸ್ ಕೂಡ ಇರುತ್ತವೆ. ನನ್ನನ್ನು ಕೇಳಿದರೆ ಒಂದೇ ಪಿಯಾನೊ ಇರುವ ಶೋಗೆ ಮೊದಲು ಹೋಗಿ ಅನ್ನುತ್ತೇನೆ.

ಚಪ್ಪಾಳೆ ಯಾವಾಗ ಹೊಡೆಯಬೇಕು?

ಜೋರಿನ ಹಾಡುಗಳ ಕೊನೆಗೆ ಒಂದು ‘ಢಂ’ ಬರುತ್ತದೆ. ಅದಕ್ಕೆ ಬಟನ್ ಅನ್ನುತ್ತಾರೆ. ಅದನ್ನು ಇಟ್ಟಿರುವುದೇ ಚಪ್ಪಾಳೆ ಕೇಳಲು, ಧಾರಾಳವಾಗಿ ಹೊಡೆಯಿರಿ. ನಿಧಾನದ ಹಾಡಿನಲ್ಲಿ ಅವಸರ ಬೇಡ. ಹಾಡು ನಿಂತರೂ ಪಿಯಾನೊದ ಪೆಡಲ್ ಒತ್ತಿ ಹಿಡಿದಿರುವ ತನಕ ಕೊನೆಯ ಸ್ವರ ಗಾಳಿಯಲ್ಲಿ ಇದ್ದೇ ಇರುತ್ತದೆ. ವಾದಕರು ಕಾಲು ಎತ್ತುವುದನ್ನು ನೋಡಿ, ಆಮೇಲೆ ಚಪ್ಪಾಳೆ. ಆ ಒಂದೆರಡು ಕ್ಷಣದ ಮೌನಕ್ಕಾಗಿ ಗಾಯಕರು ಜೀವ ಬಿಡುತ್ತಾರೆ. ಪರಿಚಯದ ಹಾಡಿನ ಮೊದಲ ಸಾಲಿಗೇ ಚಪ್ಪಾಳೆ ಹೊಡೆಯುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಹಿಡಿಸುವುದಿಲ್ಲ. ಮೊದಲ ಸಾಲೇ ಕಳೆದುಹೋಗುತ್ತದೆ.

ಜೊತೆಗೆ ನಾವೂ ಹಾಡಬಹುದಾ?

ಗಾಯಕರು ಕೈ ತೋರಿಸಿ ಕರೆದರೆ ಹಾಡಿ. ಇಲ್ಲದಿದ್ದರೆ ಗುನುಗುವುದೂ ಬೇಡ. ಪಕ್ಕದವರು ದುಡ್ಡು ಕೊಟ್ಟು ಬಂದಿರುವುದು ವೇದಿಕೆಯ ಮೇಲಿನವರ ಹಾಡು ಕೇಳಲು. ಮನಸಾರೆ ಹಾಡಬೇಕು ಅನ್ನಿಸುವವರಿಗೆ ಪಿಯಾನೊ ಬಾರ್‌ಗಳಿವೆ. ನ್ಯೂಯಾರ್ಕ್‌ನ ಮೇರೀಸ್ ಕ್ರೈಸಿಸ್ ಅದಕ್ಕೆ ಹೆಸರುವಾಸಿ. ನೆಲಮಾಳಿಗೆಯಲ್ಲಿ ಪಿಯಾನೊ ಸುತ್ತ ಜನ ಮುಗಿಬಿದ್ದು ಮ್ಯೂಸಿಕಲ್ ಹಾಡುಗಳನ್ನು ಒಟ್ಟಿಗೆ ಹಾಡುತ್ತಾರೆ. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಬರೆದ ಥಾಮಸ್ ಪೇನ್ 1809ರಲ್ಲಿ ತೀರಿಕೊಂಡದ್ದು ಅದೇ ಜಾಗದಲ್ಲಿದ್ದ ಮನೆಯಲ್ಲಿ. ಬಾರ್‌ನ ಹೆಸರಿನಲ್ಲಿ ಅವರ ‘ಕ್ರೈಸಿಸ್’ ಬರಹಗಳ ನೆನಪಿದೆ.

ಗಾಯಕರು ನನ್ನನ್ನೇ ನೋಡಿ ಹಾಡಿದರೆ ಮುಜುಗರ ಆಗುತ್ತದೆ. ಏನು ಮಾಡಲಿ?

ಸುಮ್ನೆ ಅವರನ್ನೇ ನೋಡಿ. ನೀವು ನಗಬೇಕಾಗಿಲ್ಲ, ತಲೆ ಆಡಿಸಬೇಕಾಗಿಲ್ಲ. ಅವರಿಗೆ ಮಾತಾಡಲು ಒಂದು ಮುಖ ಬೇಕು, ಅಷ್ಟೇ. ಎರಡು ಸಾಲು ಆದಮೇಲೆ ಬೇರೆ ಮೇಜಿನ ಕಡೆ ತಿರುಗುತ್ತಾರೆ. ತೀರಾ ಕಷ್ಟ ಅನ್ನಿಸಿದರೆ ಹಿಂದಿನ ಮೇಜು ಕೇಳಿಕೊಳ್ಳಿ.

ಫೋನಿನಲ್ಲಿ ವಿಡಿಯೊ ಮಾಡಬಹುದಾ?

ಬೇಡ. ಬಹಳ ಕಡೆ ಬಿಡುವುದಿಲ್ಲ. ಬಿಟ್ಟರೂ ಕತ್ತಲೆ ಕೋಣೆಯಲ್ಲಿ ಒಂದು ಪರದೆ ಬೆಳಗಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಕೊನೆಯ ನಮಸ್ಕಾರದ ಹೊತ್ತಿಗೆ ಒಂದು ಫೋಟೊ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ.

ಪುರುಷ ಪಾತ್ರದ ಹಾಡನ್ನು ಹೆಂಗಸರು ಹಾಡುವುದು, ವಯಸ್ಸಾದವರು ಹದಿಹರೆಯದ ಹಾಡು ಹಾಡುವುದು ಸರಿಯಾ?

ಕ್ಯಾಬರೆ ಇರುವುದೇ ಇದಕ್ಕೆ! ಥಿಯೇಟರ್‌ನಲ್ಲಿ ನಿಮ್ಮ ವಯಸ್ಸು, ರೂಪ, ದನಿ ನೋಡಿ ಪಾತ್ರ ಕೊಡುತ್ತಾರೆ. ಎಷ್ಟೋ ಕಲಾವಿದರಿಗೆ ತಮ್ಮ ಮೆಚ್ಚಿನ ಹಾಡನ್ನು ಅಲ್ಲಿ ಹಾಡುವ ಅವಕಾಶ ಜೀವಮಾನದಲ್ಲೇ ಬರುವುದಿಲ್ಲ. ಇಲ್ಲಿ ಆ ಬೇಲಿ ಇಲ್ಲ. ‘ನಾಳೆ ಎಲ್ಲ ಸರಿಹೋಗುತ್ತದೆ’ ಅನ್ನುವ ಹಾಡನ್ನು ಇಪ್ಪತ್ತರವರು ಹಾಡಿದರೆ ಆಸೆ, ಎಪ್ಪತ್ತರವರು ಹಾಡಿದರೆ ಧೈರ್ಯ. ಬಾರ್ಬರಾ ಕುಕ್ 1950ರ ದಶಕದಲ್ಲಿ ಬ್ರಾಡ್‌ವೇಯ ನಾಯಕಿಯಾಗಿದ್ದವರು. ನಾಯಕಿ ಪಾತ್ರಗಳು ನಿಂತ ಮೇಲೆ 1975ರಲ್ಲಿ ನ್ಯೂಯಾರ್ಕ್‌ನ ದೊಡ್ಡ ಸಂಗೀತ ಸಭಾಂಗಣವಾದ ಕಾರ್ನೆಗಿ ಹಾಲ್‌ನಲ್ಲಿ ಹಾಡಿ ಹೊಸ ಬದುಕು ಶುರು ಮಾಡಿದರು. ಮುಂದೆ ಹಲವು ದಶಕ ಕ್ಯಾಬರೆ ಮತ್ತು ಕಛೇರಿ ವೇದಿಕೆಯೇ ಅವರ ಮನೆಯಾಯಿತು. ಅವರ ಇಳಿವಯಸ್ಸಿನ ರೆಕಾರ್ಡಿಂಗ್‌ಗಳೇ ನನಗೆ ಹೆಚ್ಚು ಇಷ್ಟ.

ವಾರದ ಯಾವ ದಿನ ಹೋಗುವುದು ಒಳ್ಳೆಯದು? ಎಲ್ಲಿಗೆ?

ನ್ಯೂಯಾರ್ಕ್‌ನಲ್ಲಿದ್ದರೆ ಸೋಮವಾರ ನೋಡಿ. ಬ್ರಾಡ್‌ವೇ ನಾಟಕಗಳು ವಾರಕ್ಕೆ ಎಂಟು ಪ್ರದರ್ಶನ ಕೊಡುತ್ತವೆ, ಬಹಳಷ್ಟಕ್ಕೆ ಸೋಮವಾರ ರಜೆ. ಹಾಗಾಗಿ ನಾಟಕದಲ್ಲಿ ಹಾಡುವವರು ಆ ರಾತ್ರಿ ಕ್ಲಬ್‌ಗಳಲ್ಲಿ ಸಿಗುತ್ತಾರೆ. ಸ್ಟುಡಿಯೊ 54 ಥಿಯೇಟರ್‌ನ ನೆಲಮಾಳಿಗೆಯಲ್ಲಿರುವ ‘54 ಬಿಲೋ’ 2012ರಲ್ಲಿ ಬ್ರಾಡ್‌ವೇ ತಾರೆ ಪ್ಯಾಟಿ ಲುಪೋನ್ ಅವರ ಹಾಡಿನೊಂದಿಗೆ ಶುರುವಾಯಿತು. ಮ್ಯೂಸಿಕಲ್ ಹಾಡು ಇಷ್ಟಪಡುವವರಿಗೆ ಮೊದಲ ಆಯ್ಕೆ ಅದು. 46ನೇ ಬೀದಿಯ ‘ಡೋಂಟ್ ಟೆಲ್ ಮಾಮಾ’ದಲ್ಲಿ ಹೊಸಬರು ಜಾಸ್ತಿ. ಕೆಫೆ ಕಾರ್ಲೈಲ್ ದುಬಾರಿ. ಬಾಬಿ ಶಾರ್ಟ್ 1968ರಿಂದ ಮೂರು ದಶಕಕ್ಕೂ ಮೀರಿ ಅಲ್ಲಿ ಹಾಡಿ, ನುಡಿಸಿದ್ದಾರೆ. ಲಂಡನ್‌ನಲ್ಲಿದ್ದರೆ ಪಿಕಡಿಲಿ ಹತ್ತಿರದ ‘ಕ್ರೇಜಿ ಕಾಕ್ಸ್’ ನೋಡಿ.

ಈ ಕೋಣೆಗಳು ಹಾಡುವವರಿಗೆ ಎಷ್ಟು ಮುಖ್ಯ ಅಂತ ತಿಳಿಯಲು ಒಂದು ಹಳೆಯ ಸಂಗತಿ ಹೇಳಬೇಕು. ಒಂದು ಕಾಲದಲ್ಲಿ ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ಹಾಡಲು ಪೊಲೀಸರು ಕೊಡುವ ಕ್ಯಾಬರೆ ಕಾರ್ಡ್ ಬೇಕಿತ್ತು. 1947ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಶಿಕ್ಷೆಯಾದ ನಂತರ ಜಾಜ್ ಗಾಯಕಿ ಬಿಲ್ಲಿ ಹಾಲಿಡೇ ಅವರ ಕಾರ್ಡ್ ಹೋಯಿತು. 1948ರಲ್ಲಿ ಅವರ ಹಾಡು ಕೇಳಲು ಕಾರ್ನೆಗಿ ಹಾಲ್ ತುಂಬಿತು. ಆದರೆ ಒಂದು ಚಿಕ್ಕ ಕ್ಲಬ್‌ನ ಮೈಕ್ ಮುಂದೆ ನಿಲ್ಲುವ ಹಕ್ಕು ಅವರಿಗಿರಲಿಲ್ಲ. ಈ ಕಾರ್ಡ್ ಪದ್ಧತಿ ಕೊನೆಯಾದದ್ದು 1967ರಲ್ಲಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಕ್ಲಬ್‌ನ ವಯಸ್ಸಿನ ನಿಯಮ ನೋಡಿ. ಬಿಟ್ಟರೂ, ಗಾಯಕರ ಮಾತು ಮಕ್ಕಳಿಗೆ ತಕ್ಕದ್ದಾಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದು ಗಂಟೆ ಅಲುಗಾಡದೆ ಕೂರುವ, ಹಾಡಿನ ಹುಚ್ಚಿರುವ ಮಗುವಾದರೆ ಶೋನ ಸ್ವರೂಪ ವಿಚಾರಿಸಿಕೊಂಡು ಕರೆದುಕೊಂಡು ಹೋಗಿ.

ಶೋ ಮುಗಿದ ಮೇಲೆ ಗಾಯಕರನ್ನು ಮಾತಾಡಿಸಬಹುದಾ?

ಬಹಳ ಸಲ ಅವರೇ ಬಾರ್ ಹತ್ತಿರ ಬರುತ್ತಾರೆ. ‘ತುಂಬಾ ಚೆನ್ನಾಗಿತ್ತು’ ಅಂತ ಎಲ್ಲರೂ ಹೇಳುತ್ತಾರೆ. ನೀವು ಒಂದು ಹಾಡಿನ ಹೆಸರು ಹೇಳಿ, ಅದರಲ್ಲಿ ಯಾವ ಸಾಲು ನಿಮ್ಮನ್ನು ಹಿಡಿದು ನಿಲ್ಲಿಸಿತು ಅಂತ ಹೇಳಿ. ಅವರ ಮುಖ ಅರಳುವುದು ನಿಮಗೇ ಕಾಣುತ್ತದೆ. ಪಿಯಾನೊ ವಾದಕರನ್ನೂ ಮಾತಾಡಿಸಿ, ಅವರ ಹತ್ತಿರ ಹೋಗುವವರು ಕಡಿಮೆ. ಹೆಸರು ತಿಳಿಯದ ಹಾಡು ಯಾವ ನಾಟಕದ್ದು ಅಂತ ಕೇಳಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಹೆಸರು ಬರೆದುಕೊಂಡು ಬನ್ನಿ.